ಅರವತ್ತು ತುಂಬಿದವರ ಓಟ

ಕಲಬುರ್ಗಿ
12-6-2006

ಆರತಿ ಅಪ್ಪಾರಿಗೆ ಸುಮಂಗಲಾ ಮಾಡುವ ನಮಸ್ಕಾರ.

ನಾವೆಲ್ಲಾ ಇಲ್ಲಿ ಆರಾಮ ಇದ್ದೀವಿ. ನೀವೂ ಆರಾಮ ಇದ್ದೀರಿ ಅಂತ ನಾನ ತಿಳಕೊಂಡೀನಿ, ಯಾಕಂದ್ರ ನೀವಾಗಿ ಏನೂ ಹೇಳಂಗಿಲ್ಲ. ಮೊನ್ನಿ ಅಳಿಯಂದೇರು ಫೋನ್ ಹಚ್ಚಿ ಕೊಟ್ರು. ನಾ ಒಂದು ಮಾತು ಅಂದೆ, ನೀವು "ಹೂಂ" ಅಂದ್ರಿ. ಮತ್ತೊಂದು ಅಂದೆ, ಮತ್ತ "ಹೂಂ". ದೇವಾನಂದ ಬಾಜೂಕ ಕುಂತು ನಗ್ಲಕತ್ತಿದ್ರು. "ಮಾವಾರು ಪುಣೆದಾಗ ಹೂಂ ಅನ್ನೋ ನೌಕರಿ ಹಿಡದಾರೇನ್ರಿ ಅತ್ತಿ?" ಅಂದ್ರು. ನನಗ ನಾಚಿಕಿ ಬಂತು. ಇನ್ನ ಫೋನ್ ಬ್ಯಾಡೇ ಬ್ಯಾಡ, ಕಾಗದ ಬರೀತೀನಿ. ಕಾಗದದಾಗರ ನೀವು ನಾಕು ಮಾತು ಆಡ್ತೀರಿ. ಅವೂ ಓಟದ್ದ ಇರ್ತಾವ, ಇರಲಿ.

ಪುಣೆದ ನಮ್ಮ ಖೋಲಿ ಸಣ್ಣದು ಅಂತ ಮಗಳ ಬಾಣಂತನ ಇಲ್ಲೇ ಮಾಡ್ಲಕ ಬಂದಾಕಿ ನಾ. ಮೂರು ತಿಂಗಳಂತ ಬಂದಿದ್ದೆ, ವರ್ಷಾತು. ಕೂಸು ಈಗ ಗ್ವಾಡಿ ಹಿಡದು ನಡೀತದ. ಮೇ ತಿಂಗಳ ಕಡೀಕ ಕಾರಖಾನಿ ಬಿಡ್ತೀನಿ, ಬಿಟ್ಟ ಕೂಡ್ಲೆ ಗಂಟುಮೂಟಿ ಕಟಗೊಂಡು ಕಲಬುರ್ಗಿಗೇ ಬರ್ತೀನಿ ಅಂತ ನೀವ ಅಂದಿದ್ರಿ. ಮೇ ಹೋತು, ಜೂನ್ ಅರ್ಧಾ ಆತು. ನಿಮ್ಮ ಅರಬಿ ಇಡ್ಲಕ ನಾ ಇಲ್ಲಿ ಕಪಾಟದಾಗ ಒಂದು ಖಾನೆ ಖಾಲಿ ಮಾಡಿ ಇಟ್ಟೀನಿ. ಆರತಿ ಅದರಾಗ ಕೂಸಿನ ಅಂಗಿ ಇಡ್ಲೇನವ್ವಾ ಅಂತ ಎರಡು ಸಲ ಕೇಳಿದ್ಳು, ಬ್ಯಾಡ ಅಂದೀನಿ.

ಈಗ ಪಾಳಿ ಇಲ್ಲ, ಸುಪರ್‌ವೈಸರ್ ಇಲ್ಲ. ಮತ್ತೇನು ಅಡ್ಡ ಬಂದದ ನಿಮಗ? ತಾರೀಕು ಬರೀರಿ.

ಸುಮಂಗಲಾ


ಹಡಪಸರ, ಪುಣೆ
24-6-2006

ಚಿ. ಸೌ. ಸುಮಂಗಲಾಗೆ ಶಂಕ್ರೆಪ್ಪನ ಆಶೀರ್ವಾದಗಳು.

ನಿನ್ನ ಕಾಗದ ಮುಟ್ಟಿತು. ಎಲ್ಲಾರೂ ಆರಾಮ ಅಂತ ಓದಿ ಸಂತೋಷ ಆತು. ಇಲ್ಲಿ ಮಳಿ ಹತ್ತೇದ.

ತಾರೀಕಿನ ವಿಚಾರ ಬರ್ದಿದ್ದಿ. ಡಿಸೆಂಬರದಾಗ ಹಾಫ್ ಮ್ಯಾರಥಾನ್ ಅದ. ನಿನಗ ಗೊತ್ತಿಲ್ಲದ್ದಲ್ಲ, ವರ್ಷಾ ಓಡೂದ. ಆದ್ರ ಈ ವರ್ಷದ್ದು ಬ್ಯಾರೆ. ಇಷ್ಟು ದಿನ ನಾ ಐವತ್ತೈದು ದಾಟಿದವರ ಗುಂಪಿನ್ಯಾಗ ಓಡ್ತಿದ್ದೆ. ಅಲ್ಲಿ ಐವತ್ತೈದು ಈಗ ತುಂಬಿದಾವ್ರು ಹುಡುಗರಂಗ ಮುಂದ ಹೋಗ್ತಿದ್ರು, ನಾ ಹಿಂದ. ಈಗ ನನಗ ಅರವತ್ತು ತುಂಬೇದ. ಅರವತ್ತರ ಗುಂಪಿನ್ಯಾಗ ನಾನ ಎಲ್ಲಾರಕಿಂತ ಸಣ್ಣಾವ! ಮಂದಿ ಅರವತ್ತಾತಲ್ಲಪ್ಪಾ ಅಂತ ತಲಿ ಮ್ಯಾಲ ಕೈ ಇಟಗೊಂಡು ಕೂಡ್ತಾರ. ನಾವು ಓಡಾವ್ರು ಯಾವಾಗ ಅರವತ್ತಾದೀತು ಅಂತ ಹಾದಿ ಕಾಯ್ತೀವಿ. ಬರೂ ವರ್ಷ ಮತ್ಯಾವನರ ಹೊಸಾ ಅರವತ್ತು ತುಂಬಿದಾವ ಬಂದ ಬರ್ತಾನ. ನಂದಂದ್ರ ಈ ಒಂದ ವರ್ಷ.

ಈ ಗುಂಪಿನ್ಯಾಗ ಖಾಮಕರ ಅಂತ ಒಬ್ಬಾಂವ ಇದ್ದಾನ, ಮಿಲಿಟ್ರಿಯಿಂದ ಬಂದ ಸುಭೇದಾರ. ನನಕಿಂತ ಮೂರು ವರ್ಷ ದೊಡ್ಡಾಂವ. ಆದ್ರೂ ಹೋದ ವರ್ಷ ಅಂವನ ಮೊದಲನೇದಾಂವ. ಅವನ್ನೊಬ್ಬನ್ನ ದಾಟಿದ್ರ ಆತು. ನಾ ಮೂವತ್ತು ವರ್ಷ ಓಡೀನಿ. ಎರಡನೇದಾಂವ ಆಗೀನಿ, ಮೂರನೇದಾಂವ ಆಗೀನಿ, ಭಾಳ ಸಲ ಏನೂ ಆಗಿಲ್ಲ. ಒಮ್ಮೆರ ಮೊದಲನೇದಾಂವ ಆಗಬೇಕು ಅಂತ ಆಶಾ ಅದ. ಇದನ್ನ ಬ್ಯಾರೆ ಯಾರ ಮುಂದೂ ಹೇಳಿಲ್ಲ, ನಗ್ತಾರ.

ದಿನಾ ಕಾಲುವಿ ಗುಂಟ ಓಡಿ, ಮಗರಪಟ್ಟಾ ಕಾಲೋನಿ ಒಳಗ ಎರಡು ಸುತ್ತು ಹಾಕಿ ಬರ್ತೀನಿ. ಗೇಟಿನ ವಾಚ್‌ಮನ್ ನಮ್ಮ ಶಹಾಪುರ ಕಡಿಯಾಂವ, ಬಿಡ್ತಾನ.

ಆರತಿಗೆ ನಿನ್ನ ಆಸರ ಬೇಕು. ಕೂಸು ಸಣ್ಣದದ. ನೀ ಅಲ್ಲೇ ಇರು. ಓಟ ಮುಗದ ಮ್ಯಾಲ ನಾ ಬರೂದು ನೋಡೋಣು.

ಶಂಕ್ರೆಪ್ಪ


ಕಲಬುರ್ಗಿ
9-7-2006

ಆರತಿ ಅಪ್ಪಾರಿಗೆ ನಮಸ್ಕಾರ.

ಆರತಿಗೆ ನನ್ನ ಆಸರ ಬೇಕಂತ ನಿಮಗ ಯಾರು ಹೇಳಿದ್ರು? ಇಲ್ಲಿ ನಮ್ಮ ಬೀಗತಿ ಗಟ್ಟಿಮುಟ್ಟ ಇದ್ದಾರ. ಕೂಸಿಗೆ ಎರಿಯಾವರು ಅವರ, ಎಣ್ಣಿ ತಿಕ್ಕಾವರು ಅವರ. ನಾ ಬಾಜೂಕ ಕುಂತು ಟಾವೆಲ್ ಹಿಡಕೊಂಡಿರ್ತೀನಿ. ನಾ ಇಲ್ಲಿ ಬೇಕಾದಾಕಿ ಅಲ್ಲ, ಇರೂಕಿ.

ಆದ್ರೂ ಯಾಕ ಇದ್ದೀನಿ ಗೊತ್ತೇನ್ರಿ? ಇಲ್ಲಿ ನಾ ಎದ್ದು ಹೊರಗ ಬಂದ್ರ ಯಾರರ ಒಬ್ಬರು "ನಿದ್ದಿ ಬಂತೇನ್ರಿ ಅತ್ತಿ?" ಅಂತಾರ. ಬರೇ ಅಷ್ಟ. ಪುಣೆದಾಗ ಮೂವತ್ತು ವರ್ಷ ನಾ ಕಣ್ಣು ಬಿಟ್ಟಾಗೆಲ್ಲಾ ಬಾಜೂದ ಹಾಸಿಗಿ ಖಾಲಿ. ನೀವು ಓಡ್ಲಕ ಹೋಗಿರ್ತಿದ್ರಿ. ಬಂದು ಝಳಕಾ, ಝಳಕಾ ಆಗಿ ಪಾಳಿ, ಪಾಳಿಯಿಂದ ಬಂದು ಊಟ, ಉಂಡ ಕೈ ಒಣಗೂದರಾಗ ನಿದ್ದಿ. ಐತವಾರ ಯಾವುದರ ಊರಾಗ ಓಟ. ಅಯ್ಯ ನನ್ನ ಶಿವನೆ, ನಾ ನಿಮ್ಮ ಬೆನ್ನ ನೋಡಿದ್ದ ಭಾಳ. ನಿಮ್ಮ ಮಾರಿ ಹ್ಯಾಂಗದ ಅಂತ ಯಾರರ ಕೇಳಿದ್ರ ನಾ ವಿಚಾರ ಮಾಡಬೇಕಾಗ್ತದ.

ಆರತಿ ಇದ್ದಾಗ ಆಕಿ ಕೂಡ ಜಗಳಾ ಆಡಿ ಹೊತ್ತು ಕಳೀತಿದ್ದೆ. ಆಕಿ ಮದಿವಿ ಆಗಿ ಹೋದ ಮ್ಯಾಲ ಆ ಖೋಲಿಯಾಗ ನಾ ಹ್ಯಾಂಗಿದ್ದೆ ಅನ್ನೂದು ನಿಮಗ ಗೊತ್ತಿಲ್ಲ. ನೀವು ಕೇಳಿಲ್ಲ, ನಾ ಹೇಳಿಲ್ಲ. ಈಗ ಹೇಳ್ಲಕತ್ತೀನಿ.

ಓಡ್ರಿ, ನಾ ಬ್ಯಾಡ ಅನ್ನಂಗಿಲ್ಲ. ಡಿಸೆಂಬರ ತನಕ ಅಲ್ಲೇ ಇರೂದಾದ್ರ ಇರ್ರಿ. "ಬಾ" ಅಂತ ಒಂದು ಅಕ್ಷರ ಬರೀರಿ, ನಾ ಅವತ್ತ ಬಸ್ ಹತ್ತತೀನಿ. ನಿಮಗ ಬಿಸಿ ರೊಟ್ಟಿ ಬಡದು ಹಾಕ್ತೀನಿ, ನಿಮ್ಮ ಸುಭೇದಾರ ಹಿಂದ ಬೀಳೂ ಹಂಗ. ಆದ್ರ ಕರೀಲಾರದ ಬರೂಕಿ ಅಲ್ಲ ನಾ. ಅಷ್ಟು ಸೊಕ್ಕು ನನಗೂ ಇರಲಿ.

ಸುಮಂಗಲಾ


ಹಡಪಸರ, ಪುಣೆ
30-7-2006

ಚಿ. ಸೌ. ಸುಮಂಗಲಾಗೆ ಆಶೀರ್ವಾದಗಳು.

ನಿನ್ನ ಕಾಗದ ಎರಡು ಸಲ ಓದಿದೆ. ಮನಸಿಗೆ ಭಾಳ ಹತ್ತಿತು. ನೀ ಇಲ್ಲಿ ಅಷ್ಟು ಬ್ಯಾಸರ ಮಾಡಕೊಂಡಿದ್ದಿ ಅಂತ ನನಗ ಖರೇನ ಗೊತ್ತಿರಲಿಲ್ಲ. ಈಗ ಗೊತ್ತಾದ ಮ್ಯಾಲ ನಿನ್ನ ಮತ್ತ ಇಲ್ಲಿಗೆ ಕರಿಯೂದು ಸರಿ ಅಲ್ಲ. ನಾ ಈಗ ಮೊದಲಕಿಂತ ಜಾಸ್ತಿ ಓಡ್ಲಕತ್ತೀನಿ. ನೀ ಬಂದ್ರ ಮತ್ತ ಅದ ಖೋಲಿ, ಅದ ಒಬ್ಬಾಕಿ ಕೂಡೂದು. ಅಲ್ಲಿ ನಾಕು ಮಂದಿ ಮಾತಾಡಸಾವ್ರು ಇದ್ದಾರ. ನಿನ್ನ ಸುಖಾ ನೋಡಿ ಹೇಳ್ಲಕತ್ತೀನಿ, ಅಲ್ಲೇ ಇರು.

ಇವತ್ತ ಪಂಚಮಿ. ಬಾಜೂ ಖೋಲಿ ಶಿವಬಸವ್ವ ಎರಡು ಶೇಂಗಾ ಉಂಡಿ ಕೊಟ್ಟು ಹೋದ್ಳು. ಸುಮಂಗಲವ್ವ ಯಾವಾಗ ಬರ್ತಾಳ್ರಿ ಅಂತ ಕೇಳಿದ್ಳು. ಬರ್ತಾಳ ಅಂದೆ.

ಊಟಕ್ಕ ಗಾಡಿತಳ ಬಸ್ ಸ್ಟಾಪಿನ ಹತ್ರ ಸುಬ್ಬಯ್ಯ ಅವರ ಹೋಟೆಲಿಗೆ ಹೋಗ್ತೀನಿ. ಕುಂದಾಪುರದ ಕಡಿಯಾವ್ರು. "ಎಂತ ಮಾರಾಯ್ರೆ, ಈ ಪ್ರಾಯದಲ್ಲಿ ಓಡಿ ಓಡಿ ಯಾರನ್ನು ಹಿಡೀಲಿಕ್ಕೆ ಉಂಟು ನಿಮಗೆ?" ಅಂತ ದಿನಾ ಚಾಷ್ಟಿ ಮಾಡ್ತಾರ. ಸುಭೇದಾರನ್ನ ಹಿಡೀಬೇಕ್ರಿ ಅಂದ್ರ ಮತ್ತೊಂದು ಇಡ್ಲಿ ಹಾಕ್ತಾರ.

ವಾರಕ್ಕೊಮ್ಮೆ ರಾಮಟೇಕಡಿ ಏರು ಹತ್ತಿ ಇಳೀತೀನಿ. ಅಲ್ಲಿ ಖಾಮಕರ ಗಂಟು ಬಿದ್ದ. ಅಂವನ ಮಗ ಹೊಸಾ ಬೂಟ ಕೊಡಿಸ್ಯಾನಂತ, ಭಾಳ ಹಗುರ ಅವಂತ. ನನ್ನ ಬರಿಗಾಲು ನೋಡಿ "ಡಾಂಬರ ಮ್ಯಾಲ ಕಾಲು ಸುಟ್ಟೀತು ದಾದಾ" ಅಂದ. ಕಾರಖಾನಿ ಭಟ್ಟಿ ಮುಂದ ದುಡದಾವಗ ಯಾವ ಡಾಂಬರ ಸುಡ್ತದ ಅಂದೆ. ಇಬ್ಬರೂ ನಕ್ಕೆವು. ಛಲೋ ಮನಷ್ಯಾ. ಆದ್ರೂ ಏರಿನ ಮ್ಯಾಲ ನಾ ಅಂವನ ಹಿಂದ ಉಳೀಲಿಲ್ಲ.

ಶಂಕ್ರೆಪ್ಪ


ಹಡಪಸರ, ಪುಣೆ
3-9-2006

ಚಿ. ಸೌ. ಸುಮಂಗಲಾಗೆ ಆಶೀರ್ವಾದಗಳು.

ನಿನ್ನ ಕಾಗದ ಇಲ್ಲ. ಸಿಟ್ಟಿಗೆದ್ದಿರಬೇಕು, ಇಳೀಲಿ ಅಂತ ನಾನೂ ಸುಮ್ಮನಿದ್ದೆ. ಹೋದ ವಾರ ಗಣಪತಿ ಕೂಡಿಸೂ ದಿನ ಫೋನ್ ಮಾಡಿದ್ದೆ. ದೇವಾನಂದ ಎತ್ತಿ "ಅತ್ತಿ ಮಲಗ್ಯಾರ್ರಿ" ಅಂದ. ಹಾಡಹಗಲ ಮಲಗೂ ಹೆಂಗಸಲ್ಲ ನೀ. ನನ್ನ ಕೂಡ ಮಾತಾಡ್ಲಕ ನಿನಗ ಮನಸಿಲ್ಲ ಅಂತ ತಿಳಕೊಂಡೆ. ನಾ ಹೂಂ ಅಂದು ಇಟ್ಟೆ.

ಇಲ್ಲಿ ಗಲ್ಲಿಗಲ್ಲಿಗೆ ಮಾಂಡವ, ಕಿವಿ ಕಿತ್ತು ಹೋಗೂ ಹಂಗ ಸ್ಪೀಕರ್. ಅಷ್ಟು ಮಂದ್ಯಾಗ ನಿಂತು ಮಂಗಳಾರತಿ ನೋಡಿ ಪ್ರಸಾದ ತಗೊಂಡು ಬಂದೆ. ಖೋಲಿಗೆ ಬಂದು ಬಾಗಲಾ ಹಾಕಿದ್ರೂ ಸಪ್ಪಳ ಒಳಗ ಬರ್ತದ. ಒಂದು ಲೆಕ್ಕಕ್ಕ ಛಲೋನ ಆತು, ಸಪ್ಪಳಿದ್ರ ನಿದ್ದಿ ಬರ್ತದ.

ತಯಾರಿ ಛಲೋ ನಡದದ. ಸಿಟ್ಟು ಬಿಟ್ಟು ಬರಿ.

ಶಂಕ್ರೆಪ್ಪ


ಕಲಬುರ್ಗಿ
8-10-2006

ಆರತಿ ಅಪ್ಪಾರಿಗೆ ನಮಸ್ಕಾರ.

ಅಕ್ಷರ ವಾಕಡಾ ಆಗ್ಯಾವ, ತಪ್ಪು ತಿಳೀಬ್ಯಾಡ್ರಿ. ಬೆರಳು ಇನ್ನೂ ಪೂರಾ ಮಡಚಲಕ ಬರವಲ್ದು. ಸಿಟ್ಟೂ ಇಲ್ಲ ಸೆಡವೂ ಇಲ್ಲ, ನನಗ ಚಿಕುನ್‌ಗುನ್ಯಾ ಬಂದಿತ್ತು. ಈ ಸಲ ನಮ್ಮ ಕಡಿ ಮನಿಗೊಬ್ಬರು ಮಲಗ್ಯಾರ. ಜ್ವರ ಲಗೂನ ಹೋತು, ಕೀಲು ಹಿಡದದ್ದು ಮಾತ್ರ ಬಿಡವಲ್ದು. ಒಂದೂವರಿ ತಿಂಗಳು ನನ್ನ ತಲಿ ನಾ ಬಾಚಿಕೊಂಡಿಲ್ಲ. ಬೀಗತಿ ಬಾಚತಿದ್ರು. ಬೀಗತಿ ಕೈಲಿ ತಲಿ ಬಾಚಿಸಿಕೊಳ್ಳೂ ನಾಚಿಕಿ ಯಾವ ಹೆಣ್ಣಿಗೂ ಬ್ಯಾಡ್ರೆಪಾ.

ದೇವಾನಂದಗ ಬೈಬ್ಯಾಡ್ರಿ. ಹೇಳಬ್ಯಾಡ್ರಿ ಅಂತ ನಾನ ಆಣಿ ಹಾಕಿದ್ದೆ. ಯಾಕಂತ ಕೇಳ್ತೀರೇನು? ಹೇಳಿದ್ರ ನೀವು ಬರ್ತಿದ್ರೋ ಇಲ್ಲೋ. ಬರಲಿಲ್ಲ ಅಂದ್ರ ಅದು ನನಗ ಗೊತ್ತಾಗಿಬಿಡ್ತಿತ್ತು. ಗೊತ್ತಾಗೂದು ಬ್ಯಾಡ ಅನಸ್ತು. ಹಾಸಿಗಿ ಹಿಡದಾಕಿ ಅಷ್ಟನ್ನೂ ತಡಕೊಳ್ಳೂದು ಆಗಂಗಿಲ್ಲ.

ನಿಮ್ಮ ಪಂಚಮಿ ಕಾಗದ ಆರತಿ ಓದಿ ಹೇಳಿದ್ಳು. ಓದೂ ಮುಂದ ನಡುವ ಒಂದು ಕಡಿ ತಡದ್ಳು, ಮತ್ತ ಓದಿದ್ಳು. ನನ್ನ ಸುಖಾ ನೋಡಿ ಹೇಳ್ಲಕತ್ತೀರಿ ಅಂತ. ಭಾಳ ಉಪಕಾರ ಆತು.

ಈಗ ಆರಾಮ ಇದ್ದೀನಿ. ದೀಪಾವಳಿಗೆ ಬರ್ರಿ. ಎರಡ ದಿನ ಬಂದು ಹೋಗ್ರಿ. ಮಗಳ ಮನಿ ಹಬ್ಬ, ಅಪ್ಪ ಬರಬೇಕು. ಇದು ನನ್ನ ಸಲುವಾಗಿ ಅಲ್ಲ ಅಂತ ತಿಳಕೊಂಡರೂ ನಡೀತದ.

ಸುಮಂಗಲಾ


ಹಡಪಸರ, ಪುಣೆ
17-10-2006

ಚಿ. ಸೌ. ಸುಮಂಗಲಾಗೆ ಆಶೀರ್ವಾದಗಳು.

ಕಾಗದ ಓದಿದೆ. ಇಷ್ಟಾದ್ರೂ ನನಗ ಹೇಳಲಿಲ್ಲಲ್ಲ. ಹೇಳಿದ್ರ ಬರ್ತಿದ್ದೆ. ಖಂಡಿತ ಬರ್ತಿದ್ದೆ. ಈಗ ಆರಾಮ ಅಂತ ನೀನ ಬರ್ದೀದಿ, ಓದಿ ಸಮಾಧಾನ ಆತು.

ಕೀಲು ನೋವು ನನಗ ಗೊತ್ತದ, ಅದಕ್ಕ ಹೇಳ್ತೀನಿ ಕೇಳು. ಮುಂಜಾನಿ ಎದ್ದ ಕೂಡ್ಲೆ ನಿಂದ್ರಬ್ಯಾಡ. ಹೊರಸಿನ ಅಂಚಿಗೆ ಕುಂತು ಮೊದಲು ಕಾಲಿನ ಬೆರಳು ಆಡಸು, ಆಮ್ಯಾಲ ಗಿಣ್ಣು ತಿರಗಸು. ಉಪ್ಪು ಹಾಕಿದ ಬಿಸಿ ನೀರಾಗ ಪಾದ ಇಡು. ಮೊದಲಿನ ನಾಕು ಹೆಜ್ಜಿ ಜೀವಾ ಹೋದಂಗ ಆಗ್ತದ, ಅಲ್ಲೇ ಕೂಡಬ್ಯಾಡ, ಗ್ವಾಡಿ ಹಿಡದು ನಡಿ. ಐದನೇ ಹೆಜ್ಜಿಗೆ ಕಾಲು ನಿನ್ನ ಮಾತು ಕೇಳ್ತಾವ. ಕಾಲಿಗೆ ಮೆತ್ತನ್ನ ಚಪ್ಪಲಿ ಹಾಕ್ಕೋ. ದಿನಾ ಇಷ್ಟು ಮಾಡು, ಬಿಡಬ್ಯಾಡ.

ದೀಪಾವಳಿಗೆ ಬರ್ಲಕ ಆಗಂಗಿಲ್ಲ. ಆ ಐತವಾರ ದೊಡ್ಡ ಓಟ ಓಡಿ ನೋಡೂದದ, ಪೂರಾ ಇಪ್ಪತ್ತೊಂದು ಕಿಲೋಮೀಟರ್. ಅದು ತಪ್ಪಿದ್ರ ಇಷ್ಟು ದಿನದ್ದು ನೀರಾಗ ಹೋದಂಗ. ಸ್ವಲ್ಪ ದಿನ ತಡಿ. ಮುಗದ ಮ್ಯಾಲ ನಾ ಎಲ್ಲಾ ಹಬ್ಬಕ್ಕೂ ಅಲ್ಲೇ ಇರ್ತೀನಲ್ಲ.

ಶಂಕ್ರೆಪ್ಪ


ಹಡಪಸರ, ಪುಣೆ
26-11-2006

ಸುಮಂಗಲಾಗೆ ಆಶೀರ್ವಾದಗಳು.

ದೀಪಾವಳಿ ಆಗಿ ತಿಂಗಳಾತು, ನಿನ್ನಿಂದ ಕಾಗದ ಇಲ್ಲ. ಈ ಸಲ ದೇವಾನಂದಗ ಕೇಳಿದೆ, ಜಡ್ಡೇನೂ ಇಲ್ಲ, ಆರಾಮ ಅಡ್ಡ್ಯಾಡ್ತಾರ ಅಂದ. ಅಂದ್ರ ಇದು ಸಿಟ್ಟ.

ಬರೂ ಐತವಾರ ಓಟ. ನೀ ಒಂದು ಸಾಲು ಬರ್ದಿದ್ರೂ ಸಾಕಾಗ್ತಿತ್ತು. ನಾ ಹೀಂಗ ಬರದಾವಲ್ಲ, ಆದ್ರ ಇವತ್ತ ಬರೀತೀನಿ. ಕಾಲುವಿ ಗುಂಟ ಓಡೂ ಮುಂದ ನಾ ನಿನ್ನ ಕೂಡ ಮಾತಾಡ್ತಿರ್ತೀನಿ. ನೀ ಕೇಳಿದ್ದಕ್ಕೆಲ್ಲಾ ಜವಾಬು ಕೊಡ್ತೀನಿ, ಛಲೋ ಛಲೋ ಮಾತು ಬರ್ತಾವ. ಖೋಲಿಗೆ ಬಂದು ಪೆನ್ನು ಹಿಡದ್ರ ಬರೇ ಓಟದ ಸುದ್ದಿ. ಹಿಂಗ್ಯಾಕ ಆಗ್ತದೋ ತಿಳೀವಲ್ದು. ಇಲ್ಲಿ ಭಾಳ ಖಾಲಿ ಖಾಲಿ ಅನಸ್ತದ.

ಶಂಕ್ರೆಪ್ಪ


ಹಡಪಸರ, ಪುಣೆ
5-12-2006

ಸುಮಂಗಲಾಗೆ ಆಶೀರ್ವಾದಗಳು.

ಓಟ ಮುಗೀತು. ಏನಾತು ಅಂತ ಬರೀತೀನಿ, ಬ್ಯಾರೆ ಯಾರಿಗೆ ಹೇಳಲಿ.

ಈ ವರ್ಷ ಹೊಸಾದೊಂದು ತಂದಿದ್ರು. ಒಂದು ಸಣ್ಣ ಪ್ಲಾಸ್ಟಿಕ್ ಬಿಲ್ಲೆ, ಚಿಪ್ ಅಂತಾರ. ಓಟ ಶುರುವಾಗೂ ಕಡಿ, ತಿರುವಿನ್ಯಾಗ, ಮುಗಿಯೂ ಕಡಿ ರಸ್ತೆ ಮ್ಯಾಲ ರಬ್ಬರ್ ಪಟ್ಟಿ ಹಾಸಿರ್ತಾರ. ಬಿಲ್ಲೆ ಅದರ ಮ್ಯಾಲ ಹಾದ್ರ ಯಾರು ಹಾದ್ರು ಅಂತ ಕಂಪ್ಯೂಟರಿಗೆ ಗೊತ್ತಾಗ್ತದಂತ. ಬೂಟಿನ ಲಾಡಿಗೆ ಕಟ್ಟಿಕೋರಿ ಅಂತ ಮೈಕಿನ್ಯಾಗ ಹೇಳಿದ್ರು. ನನಗ ಬೂಟ ಎಲ್ಲಿ ಅವ? ದಾರದಿಂದ ಕಾಲಿಗೆ ಕಟ್ಟಿದ್ರ ಉಚ್ಚಿ ಬಿದ್ದೀತು, ಕಿಸೆದಾಗ ಇಟ್ರ ಜಿಗದೀತು. ವಿಚಾರ ಮಾಡಿದೆ. ಗಂಡಸಿನ ಮೈಮ್ಯಾಲ ಹುಟ್ಟಿನಿಂದ ಬಿಚ್ಚದ್ದು ಒಂದ, ಉಡದಾರ. ಅದಕ್ಕ ಬಿಗಿಯಾಗಿ ಎರಡು ಗಂಟು ಹಾಕಿ ಕಟ್ಟಿದೆ. ನನ್ನಷ್ಟು ಜ್ವಾಪಾನ ಮಾಡಿದಾವ್ರು ಆ ಮೈದಾನದಾಗ ಯಾರೂ ಇಲ್ಲ ಅಂದುಕೊಂಡೆ.

ಸ್ವಾರಗೇಟ್ ಸ್ಟೇಡಿಯಂನಿಂದ ಬಿಟ್ರು. ಥಂಡಿ ಇತ್ತು, ಮೈ ಹಗುರ ಇತ್ತು. ಪುಲಗೇಟ್, ಕ್ಯಾಂಪ್ ದಾಟೂ ತನಕ ಖಾಮಕರ ಮುಂದ, ನಾ ಹಿಂದ. ಬಂಡ್ ಗಾರ್ಡನ್ ಸೇತುವೆ ದಾಟಿ ಯೇರವಡಾದಾಗ ತಿರುವು. ಅಲ್ಲಿ ಭಾಳ ಮಂದಿ ನಿಂತಿದ್ರು. ತಿರುವು ಸುತ್ತಿ ಹೊಳ್ಳಿ ಬರೂ ಮುಂದ ಅಂವನ ಬೆನ್ನ ಹತ್ರ ಹತ್ರ ಬರ್ಲಕತ್ತಿತು. ಪುಲಗೇಟಿನ ಹತ್ರ ಬಾಜೂಕ ಬಂದೆ. ಅಂವ ನನ್ನ ನೋಡಿದ. "ಜಾ ದಾದಾ, ಜಾ" ಅಂದ. ಸುಮಂಗಲಾ, ಅಂವನ್ನ ದಾಟಿದೆ. ಕಡೀತನಕ ದಾಟಿದಂಗ ಉಳದೆ. ಅರವತ್ತು ತುಂಬಿದವರಾಗ ನನ್ನ ಮುಂದ ಯಾರೂ ಇರಲಿಲ್ಲ.

ಬಕ್ಷೀಸದ ಟೇಬಲ್ ಹತ್ರ ಹೋದೆ. ಅಲ್ಲಿ ಕುಂತ ಹುಡುಗಿ ಛಲೋ ಹುಡುಗಿ, ಮೂರು ಸಲ ಕಂಪ್ಯೂಟರ್ ನೋಡಿದ್ಳು. "ಕಾಕಾ, ತುಮಚಂ ನಾವ ಕುಠೇಚ ನಾಹೀ" ಅಂದ್ಳು. ಎಲ್ಲೂ ನನ್ನ ಹೆಸರಿಲ್ಲ. ಶುರುವಿನ್ಯಾಗೂ ಇಲ್ಲ, ತಿರುವಿನ್ಯಾಗೂ ಇಲ್ಲ, ಕಡೀಕೂ ಇಲ್ಲ. ಚಿಪ್ ಎಲ್ಲದ ಅಂದ್ರು. ಬನೀನು ಎತ್ತಿ ತೋರಸಿದೆ. ಅಷ್ಟು ಮಂದ್ಯಾಗ. ಹಿಂದ ನಿಂತಾವ್ರು ನಕ್ರು. ಆ ಬಿಲ್ಲೆ ನೆಲಕ್ಕ ಹತ್ರ ಇದ್ರ ಅಷ್ಟ ಓದ್ತದಂತ, ನಡಕ್ಕ ಕಟ್ಟಿದ್ರ ಓದಂಗಿಲ್ಲಂತ.

ದೊಡ್ಡವರೊಬ್ಬರು ಬಂದ್ರು. ಬೈಲಿಲ್ಲ, ಸಮಾಧಾನದಿಂದ ಕೇಳಿದ್ರು. ತಿರುವಿನ ತನಕ ಹೋಗಿದ್ದಕ್ಕ ಯಾರರ ನಿಮ್ಮವರು ನೋಡ್ಯಾರೇನು, ಒಬ್ಬರು ಹೇಳಿದ್ರೂ ಬರಕೋತೀವಿ ಅಂದ್ರು. ಖಾಮಕರ ಖರೇ ಮನಷ್ಯಾ. "ಪುಲಗೇಟಿನ್ಯಾಗ ನನ್ನ ದಾಟಿದ್ದು ಹೌದು, ತಿರುವಿನ್ಯಾಗ ನಾ ನೋಡಿಲ್ಲ, ಸುಳ್ಳು ಹ್ಯಾಂಗ ಹೇಳಲಿ" ಅಂದ. ಅವನ ತಪ್ಪಿಲ್ಲ. ನನ್ನವರು ಯಾರೂ ಇಲ್ಲಿಲ್ಲ ಅಂತ ಹೇಳಿ ಬಿಲ್ಲೆ ಬಿಚ್ಚಿ ಕೊಟ್ಟೆ. ಗಂಟು ಬಿಗಿ ಆಗಿತ್ತು, ಬಿಚ್ಚಲಕ ಭಾಳ ಹೊತ್ತಾತು.

ಬಸ್ ಸ್ಟಾಪಿನ್ಯಾಗ ಕುಂತು ಅತ್ತೆ. ಯಾರೂ ನೋಡಲಿಲ್ಲ.

ಇನ್ನ ಸಾಕು. ಖೋಲಿ ಬಿಟ್ಟುಬಿಡ್ತೀನಿ ಅಂತ ಮಾಲಕಗ ಹೇಳೀನಿ. ಈ ತಿಂಗಳು ಮುಗದ ಕೂಡ್ಲೆ ಕಲಬುರ್ಗಿಗೆ ಬರ್ತೀನಿ. ಇಲ್ಲಿ ಇನ್ನೇನು ಉಳದದ.

ಶಂಕ್ರೆಪ್ಪ


ಕಲಬುರ್ಗಿ
16-12-2006

ಆರತಿ ಅಪ್ಪಾರಿಗೆ ನಮಸ್ಕಾರ.

ನಾ ಬಂದಿದ್ದೆ.

ಹೇಳಬಾರದು ಅಂತ ಇದ್ದೆ. ನಿಮ್ಮ ಕಾಗದ ಓದಿದ ಮ್ಯಾಲ ಹೇಳಲಾರದ ಇರೂದು ಪಾಪ ಅನಸ್ತು. ನಮ್ಮ ಸೋದರತ್ತಿ ಮಗಳು ಪಾರವ್ವ, ಖರಾಡಿಯಾಗ ಬಿಲ್ಡಿಂಗ್ ಕೆಲಸಕ್ಕ ಇದ್ದಾಳಲ್ಲ, ಆಕಿ ಕಡಿ ಹೋಗಿ ಬರ್ತೀನಿ ಅಂತ ಆರತಿಗೆ ಹೇಳಿ ಬಸ್ ಹತ್ತಿದೆ. ಕರೀಲಾರದ ಬರೂಕಿ ಅಲ್ಲ ಅಂದಿದ್ದೆ. ಆ ಸೊಕ್ಕು ನುಂಗಿಕೊಂಡ ಬಂದೆ. ಇಂದಾಪುರದಾಗ ಬಸ್ ಚಾಕ್ಕ ನಿಂತ್ರ ಇಳೀಲಕ ಆಗಲಿಲ್ಲ, ಕಾಲು ಬಾತು ಕೊಡದಂಗ ಆಗಿದ್ದುವು. ನೀವು ಬರದಂಗ ಕುಂತಲ್ಲೇ ಬೆರಳು ಆಡಸಿದೆ. ಬಾಜೂದಾಕಿ ಏನವ್ವಾ ಇದು ಅಂದ್ಳು. ನಮ್ಮ ಮನಿಯಾವ್ರು ಹೇಳ್ಯಾರ ಅಂದೆ.

ಐತವಾರ ಮುಂಜಾನಿ ಪಾರವ್ವನ ಕರಕೊಂಡು, ಓಟ ಎಲ್ಲಿ ಹೊಳ್ಳತದ ಅಂತ ಮಂದಿಗೆ ಕೇಳಿಕೋತ, ಯೇರವಡಾದ ಆ ತಿರುವಿನ್ಯಾಗ ನಿಂತೆ. ಇಷ್ಟು ವರ್ಷ ಪುಣೆದಾಗಿದ್ದು ನೀವು ಓಡೂದು ಒಮ್ಮೆಯೂ ನೋಡಿರಲಿಲ್ಲ ನಾ. ನೀವು ಕರದಿಲ್ಲ, ನಾ ಕೇಳಿಲ್ಲ. ನಿಮ್ಮ ಮಾರಿಯರ ನೋಡೋಣು ಅಂತ ಬಂದಿದ್ದೆ. ಓಡಿ ಬರೂದು ಅಂದ್ರ ಮಾರಿ ಈ ಕಡಿನ ಇರಬೇಕಲ್ಲ.

ಕಂಡ್ರಿ. ಬರಿಗಾಲಾವ್ರು ನೀವೊಬ್ಬರ. ಮೊದಲಿಗೆ ಯಾರೋ ಬ್ಯಾರೆ ಅನಸ್ತು. ಎಷ್ಟ ಛಂದ ಓಡ್ತೀರಿ ನೀವು! ಖರೇ ಹೇಳ್ತೀನಿ, ನನ್ನ ಕಣ್ಣಾಗ ನೀರು ಬಂತು. ಇಷ್ಟು ಛಂದದ್ದನ್ನ ನಾ ಮೂವತ್ತು ವರ್ಷ ಬೈಕೋತ ಕುಂತಿದ್ದೆನಲ್ಲ ಅನಸ್ತು.

"ರೀ" ಅಂತ ಕೂಗಿದೆ. ಅಲ್ಲಿ ಎಷ್ಟು ಮಂದಿ ರೀ ಇದ್ರೋ. "ಆರತಿ ಅಪ್ಪಾ" ಅಂದೆ. ನೀವು ಕೈ ಚಾಚಿದ್ರ ಸಿಗೂ ಅಷ್ಟು ಹತ್ರ ಬಂದ್ರಿ. ಆಗ ನಿಮ್ಮ ಹೆಸರು ಹಿಡದು ಕೂಗಿದೆ. ಮದಿವ್ಯಾಗ ಒಡಪು ಹೇಳೂ ಮುಂದ ತಲಿ ಬಗ್ಗಿಸಿ ಒಮ್ಮೆ ಅಂದಿದ್ದ ಹೆಸರು. ಆಮ್ಯಾಲ ಈ ಬಾಯಿಂದ ಎಂದೂ ಬಂದಿಲ್ಲ. ಪಾರವ್ವ ಬಾಯಿ ಮ್ಯಾಲ ಕೈ ಇಟಗೊಂಡ್ಳು. ಎರಡು ಸಲ ಕೂಗಿದೆನ್ರಿ. ಗಂಟಲು ಹರೀವಂಗ ಕೂಗಿದೆ. ನೀವು ತಿರುವು ಸುತ್ತಿ ಹೋದ್ರಿ. ಮತ್ತ ನಾ ನಿಮ್ಮ ಬೆನ್ನ ನೋಡಿದೆ.

ಸ್ಟೇಡಿಯಂಗೆ ಹೋಗೂಣು ಬಾ ಅಂತ ಪಾರವ್ವ ರಿಕ್ಷಾ ನಿಂದ್ರಸಿದ್ಳು. ಒಲ್ಲೆ ಅಂದೆ. ಸಂಜೀ ಬಸ್ಸಿಗೆ ಹೊಳ್ಳಿ ಬಂದೆ.

ತಿರುವಿನ ತನಕ ಹೋಗಿದ್ದಕ್ಕ ನಿಮ್ಮವರು ನೋಡ್ಯಾರೇನು ಅಂತ ಕೇಳಿದ್ರಂತಲ್ಲ. ನೋಡೀನಿ. ಕಣ್ಣಾರೆ ನೋಡೀನಿ. ನೀವು ಮೊದಲನೇದಾವ್ರು. ಒಮ್ಮೆ ಕುತ್ತಿಗಿ ಹೊಳ್ಳಿಸಿದ್ರ ನಾ ರಿಕ್ಷಾ ಹತ್ತಿ ಬಂದು ಆ ದೊಡ್ಡವರ ಮುಂದ ನಿಂತು ಹೇಳ್ತಿದ್ದೆ. ನಾ ಇವರ ಹೇಣ್ತಿ, ನಾ ನೋಡೀನಿ ಅಂತ.

ಈಗ ಬರ್ತೀನಿ ಅಂತೀರಿ. ಇಲ್ಲಿ ಇನ್ನೇನು ಉಳದದ ಅಂತ ಬರದೀರಿ. ಓಟ ಹೋದ ಮ್ಯಾಲ ಉಳದಾಕಿ ನಾ, ಅದಕ್ಕ ಬರ್ತೀರಿ. ಹಂಗ ಬರಬ್ಯಾಡ್ರಿ. ಗೆದ್ದಾವ್ರು ಗೆದ್ದಲ್ಲೇ ಇರ್ರಿ. ನನಗ ಸಿಟ್ಟಿಲ್ಲ, ಕಪಾಟದ ಖಾನೆದಾಗ ಕೂಸಿನ ಅಂಗಿ ಇಡು ಅಂತ ಆರತಿಗೆ ಹೇಳೀನಿ.

ಸುಮಂಗಲಾ


ಹಡಪಸರ, ಪುಣೆ
24-12-2006

ಸುಮಂಗಲಾ,

ಕೇಳಿಸಿತ್ತು.

ಕಾಗದದಾಗ ಬರೀಲಿಲ್ಲ, ಬರದ್ರ ನಗ್ತಿ ಅಂತ. ಎರಡೂ ಸಲ ಕೇಳಿಸಿತ್ತು. ನಿನ್ನ ದನಿ ಅಂತನೂ ಗೊತ್ತಾಗಿತ್ತು. ಆದ್ರ ನೀ ನನ್ನ ಹೆಸರು ಹಿಡಿಯಾಕಿ ಅಲ್ಲ, ಕಲಬುರ್ಗಿಯಾಗ ಇದ್ದಾಕಿ ಇಲ್ಲಿ ಹ್ಯಾಂಗ ಬರ್ತಾಳ, ಇದು ದಣದ ತಲಿಯಾಗಿನ ಭ್ರಮಾ ಅಂದುಕೊಂಡೆ. ದಿನಾ ಕಾಲುವಿ ಗುಂಟ ನಿನ್ನ ಕೂಡ ಮಾತಾಡಿಕೋತ ಓಡಾಂವ ನಾ, ಅದನ್ನ ನಿಜ ಅಂತ ಹ್ಯಾಂಗ ತಿಳೀಲಿ. ಖಾಮಕರ ಮುಂದ ಅಷ್ಟು ದೂರದಾಗ ಕಾಣಸ್ತಿದ್ದ. ತಿರುಗಿದ್ರ ಅಂವ ತಪ್ಪಿ ಹೋಗ್ತಾನ ಅನಸ್ತು.

ಭ್ರಮಾ ಇದ್ರೂ ತಿರುಗಬೇಕಿತ್ತು.

ನೀ ಬರಬ್ಯಾಡ ಅಂದೀ, ಬರಂಗಿಲ್ಲ. ಖೋಲಿ ಬಿಡೂದಿಲ್ಲ ಅಂತ ಮಾಲಕಗ ಹೇಳೀನಿ. ಓಡೂದು ಬಿಟ್ಟೀನಿ, ಸುಮ್ಮ ನಡದು ಬರ್ತೀನಿ. ಇಲ್ಲಿ ಸಂತ್ಯಾಗ, ಬಸ್ ಸ್ಟಾಪಿನ್ಯಾಗ, ಹಿಂದಿನಿಂದ ಯಾವ ಹೆಂಗಸು ಯಾರನ್ನ ಕರದ್ರೂ ನಾ ನಿಂತು ತಿರುಗಿ ನೋಡ್ತೀನಿ. ಅವರಿಗೆ ಏನೋ ಒಂಥರಾ ಆಗ್ತದ. ನಿನ್ನೆ ಒಬ್ಬಾಕಿ ತನ್ನ ಗಂಡಗ ಕರದ್ಳು, ಅಂವನಕಿಂತ ಮೊದಲ ನಾ ತಿರುಗಿದೆ.

ಬಾ ಅಂತ ಬರೀಬೇಕಾಗಿದ್ದು ಪಂಚಮಿಗೆ. ಈಗ ಬರದ್ರ ಅದಕ್ಕ ಬೆಲಿ ಇಲ್ಲ ಅಂತ ನನಗ ಗೊತ್ತದ. ಆದ್ರೂ ಬರೀತೀನಿ. ಬಾ. ಬರ್ಲಕ ಮನಸಿಲ್ಲ ಅಂದ್ರ ಫೋನ್ ಮಾಡು. ಮಾತೇನೂ ಬ್ಯಾಡ, ಹೆಸರು ಹಿಡದು ಇನ್ನೊಂದು ಸಲ ಕರಿ. ಈ ಸಲ ನಾ ಬರೇ ಹೂಂ ಅನ್ನಂಗಿಲ್ಲ.

ಶಂಕ್ರೆಪ್ಪ